ಕೋರ್ಟಿನ ಮೆಟ್ಟಿಲೇರಿದ ಬೆಂಟ್ಲಿ

ಹಳೆಯ ಕಾರು ಕೊಳ್ಳಲು ಹೋದವರು ಬಾನೆಟ್ ಎತ್ತಿ ನೋಡುತ್ತಾರೆ, ಬಾಗಿಲು ಹಾಕಿ ತೆಗೆದು ಸದ್ದು ಕೇಳುತ್ತಾರೆ, ಕೊನೆಗೆ ಆರ್.ಸಿ. ಪುಸ್ತಕ ಕೇಳುತ್ತಾರೆ. ಅದರಲ್ಲಿ ಬರೆದ ಎಂಜಿನ್ ನಂಬರು, ಚಾಸಿ ನಂಬರು ಕಾರಿನ ಮೇಲಿರುವುದಕ್ಕೆ ತಾಳೆಯಾದರೆ ಮುಕ್ಕಾಲು ವ್ಯಾಪಾರ ಮುಗಿದಂತೆ. 1990ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಒಂದು ಬೆಂಟ್ಲಿಯ ವ್ಯಾಪಾರ ಮಾತ್ರ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಒಪ್ಪಿಕೊಂಡ ಬೆಲೆ ಒಂದು ಕೋಟಿ ಪೌಂಡ್! ಮೂರು ವರ್ಷ ಮೊದಲು, 1987ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಹರಾಜಿನಲ್ಲಿ ಬುಗಾಟಿ ರೊಯಾಲ್ ಕಾರೊಂದು 55 ಲಕ್ಷ ಪೌಂಡಿಗೆ ಹೋದಾಗಲೇ ಜನ ಬಾಯಿ ಮೇಲೆ ಬೆರಳಿಟ್ಟಿದ್ದರು. ಈ ಬೆಂಟ್ಲಿಯದು ಹೆಚ್ಚೂಕಡಿಮೆ ಅದರ ಎರಡರಷ್ಟು.

ಆದರೆ ಕೊಳ್ಳಲು ಒಪ್ಪಿದವರು ಹಿಂದೆ ಸರಿದರು. ‘ನೀವು ಹೇಳಿದ ಕಾರು ಇದಲ್ಲ’ ಎಂಬುದು ಅವರ ತಕರಾರು.

ಯಾವ ಕಾರದು? ಹೆಸರು ‘ಓಲ್ಡ್ ನಂಬರ್ ಒನ್’. ಬ್ರಿಟಿಷ್ ರೇಸ್ ಕಾರುಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಸರು ಹುಡುಕುವುದು ಕಷ್ಟ.

ಬೆಂಟ್ಲಿ ಕಂಪನಿಯನ್ನು 1919ರಲ್ಲಿ ಸ್ಥಾಪಿಸಿದ ಡಬ್ಲ್ಯು.ಓ. ಬೆಂಟ್ಲಿ, ರೈಲ್ವೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವರು. ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ಅವರು ಕಟ್ಟಿದ ಕಾರುಗಳಲ್ಲೂ ರೈಲು ಎಂಜಿನ್ನಿನ ಗುಣವಿತ್ತು. ದೊಡ್ಡ ಗಾತ್ರ, ಭಾರಿ ತೂಕ, ದಣಿವರಿಯದ ಓಟ. ಪ್ರತಿಸ್ಪರ್ಧಿ ಎಟೋರೆ ಬುಗಾಟಿ ಅವುಗಳನ್ನು ಲೋಕದ ಅತಿ ವೇಗದ ಲಾರಿಗಳೆಂದು ಅಣಕಿಸಿದರೆಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಅಣಕವೇನೋ ಸರಿ, ಆದರೆ ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು ಈ ‘ಲಾರಿ’ಗಳು 1924ರಲ್ಲೊಮ್ಮೆ, ಆಮೇಲೆ 1927ರಿಂದ 1930ರವರೆಗೆ ಸತತವಾಗಿ ನಾಲ್ಕು ಬಾರಿ ಗೆದ್ದವು.

ಓಲ್ಡ್ ನಂಬರ್ ಒನ್ ಆರು ಸಿಲಿಂಡರಿನ, ಆರೂವರೆ ಲೀಟರ್ ಎಂಜಿನ್ನಿನ ‘ಸ್ಪೀಡ್ ಸಿಕ್ಸ್’. 1929ರಲ್ಲಿ ವೂಲ್ಫ್ ಬಾರ್ನಾಟೋ ಮತ್ತು ಟಿಮ್ ಬರ್ಕಿನ್ ಅದನ್ನು ಓಡಿಸಿ ಗೆದ್ದರು. ಮೊದಲ ನಾಲ್ಕೂ ಸ್ಥಾನಗಳು ಆ ಸಲ ಬೆಂಟ್ಲಿಗೇ. 1930ರಲ್ಲಿ ಅದೇ ಕಾರು, ಅದೇ ಬಾರ್ನಾಟೋ, ಜೊತೆಗೆ ಗ್ಲೆನ್ ಕಿಡ್‌ಸ್ಟನ್, ಮತ್ತೆ ಗೆಲುವು. ಬಾರ್ನಾಟೋ ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ತಂದೆ ಗಳಿಸಿಟ್ಟ ಅಪಾರ ಸಂಪತ್ತಿನ ವಾರಸುದಾರ. ಬೆಂಟ್ಲಿ ಕಂಪನಿಗೆ ಹಣ ಸುರಿದು ಅದರ ಅಧ್ಯಕ್ಷರೂ ಆಗಿದ್ದರು. ಸಿರಿವಂತನ ಶೋಕಿ ಎಂದು ತಳ್ಳಿಹಾಕುವಂತಿರಲಿಲ್ಲ. ಲೆ ಮಾನ್‌ನಲ್ಲಿ ಅವರು ಸ್ಪರ್ಧಿಸಿದ್ದು ಮೂರೇ ಸಲ, ಗೆದ್ದದ್ದೂ ಮೂರು ಸಲ.

1931ರಲ್ಲಿ ಕಂಪನಿ ಆರ್ಥಿಕ ಕುಸಿತಕ್ಕೆ ಸಿಕ್ಕಿ ಮುಳುಗಿ ರೋಲ್ಸ್-ರಾಯ್ಸ್ ಪಾಲಾಯಿತು. ಕಾರು ಮಾತ್ರ ಓಡುತ್ತಲೇ ಇತ್ತು. ಲಂಡನ್ ಸಮೀಪದ ಬ್ರೂಕ್‌ಲ್ಯಾಂಡ್ಸ್‌ನ ಕಾಂಕ್ರೀಟ್ ಟ್ರ್ಯಾಕಿನಲ್ಲಿ ಅದೇ ವರ್ಷ ಜಾಕ್ ಡನ್‌ಫಿ ಮತ್ತು ಸಿರಿಲ್ ಪಾಲ್ ಅದನ್ನು ಓಡಿಸಿ 500 ಮೈಲಿಗಳ ರೇಸು ಗೆದ್ದರು. ಮರುವರ್ಷ ಅದಕ್ಕೆ ಇನ್ನೂ ದೊಡ್ಡದಾದ 8 ಲೀಟರ್ ಎಂಜಿನ್ ಕೂಡಿಸಲಾಯಿತು. 1932ರ ಸೆಪ್ಟೆಂಬರಿನಲ್ಲಿ ನಡೆದ ಅದೇ 500 ಮೈಲಿಗಳ ರೇಸಿನಲ್ಲಿ ಜಾಕ್‌ನ ಸೋದರ ಕ್ಲೈವ್ ಡನ್‌ಫಿ ಸ್ಟಿಯರಿಂಗ್ ಹಿಡಿದಿದ್ದ. ಟ್ರ್ಯಾಕಿನ ತಿರುವಿನಲ್ಲಿ ಗೋಡೆಯಂತೆ ಎದ್ದುನಿಂತ ಇಳಿಜಾರಿನ ಮೇಲಂಚನ್ನು ದಾಟಿ ಕಾರು ಹೊರಗೆ ಹಾರಿತು. ಕ್ಲೈವ್ ಸತ್ತ.

ಬಾರ್ನಾಟೋ ಆ ಕಾರನ್ನು ಗುಜರಿಗೆ ಹಾಕಲಿಲ್ಲ. ರೇಸಿನ ಮೈ ಹೋಗಿ, ರಸ್ತೆಯಲ್ಲಿ ಓಡಾಡುವ ಕಾರಿನ ಮೈ ಬಂತು. ಮುಂದೆ ಅದು ಕೈಯಿಂದ ಕೈಗೆ ದಾಟಿತು. 1990ರ ಹೊತ್ತಿಗೆ ಅದರ ಮಾಲೀಕರಾಗಿದ್ದವರು ಜೀರ್ಣೋದ್ಧಾರ ಮಾಡಿಸಿ, ಲೆ ಮಾನ್ ದಿನಗಳಂಥ ತೆರೆದ ಮೈಯನ್ನು ಅದಕ್ಕೆ ಮರಳಿ ತೊಡಿಸಿದ್ದರು. ಆ ವರ್ಷ ಏಪ್ರಿಲ್ 7ರಂದು ಮಿಡಲ್‌ಬ್ರಿಜ್ ಸಿಮಿಟರ್ ಎಂಬ ಕಂಪನಿಯ ಜೊತೆ ಮಾರಾಟದ ಒಪ್ಪಂದವಾಯಿತು. ಕಂಪನಿ ಮಾತಿಗೆ ತಪ್ಪಿದಾಗ ಮಾಲೀಕರು ಲಂಡನ್ನಿನ ಹೈಕೋರ್ಟಿಗೆ ಹೋದರು.

ಉಳಿದದ್ದು ಎಷ್ಟು?

ನ್ಯಾಯಾಲಯದ ಮುಂದೆ ಪರಿಣತರು ಇಟ್ಟ ಲೆಕ್ಕ ಯಾವ ಮಾಲೀಕನ ಎದೆಯನ್ನಾದರೂ ಒಡೆಯುವಂಥದು. 1929ರಲ್ಲಿ ಗೆದ್ದ ಕಾರಿನಿಂದ ಉಳಿದದ್ದು, ಇಂಥದೇ ಕಾಲದ್ದೆಂದು ಹೇಳಲಾಗದ ಕೆಲವು ಚಿಕ್ಕಪುಟ್ಟ ಜೋಡಣೆಗಳು, ಅಷ್ಟೆ. 1930ರಲ್ಲಿ ಗೆದ್ದ ಕಾರಿನಿಂದ ಮೂರು: ಪೆಡಲುಗಳ ದಂಡ, ಗೇರ್‌ಬಾಕ್ಸಿನ ಹೊರಕವಚ, ಸ್ಟಿಯರಿಂಗ್ ಕಂಬ. ಚಾಸಿ, ಸ್ಪ್ರಿಂಗುಗಳು, ಮುಂದಿನ ಆಕ್ಸಲ್, ಹಿಂದಿನ ಬ್ರೇಕುಗಳು, 8 ಲೀಟರಿನ ಎಂಜಿನ್ ಎಲ್ಲವೂ 1932ರವು. ಅಂದರೆ ಕಾರಿಗೆ ಬೆಲೆ ತಂದದ್ದು ಲೆ ಮಾನ್‌ನ ಎರಡು ಗೆಲುವುಗಳು. ಕಾರಿನಲ್ಲಿ ಉಳಿದ ಕಬ್ಬಿಣ ಬಹುಪಾಲು ಕ್ಲೈವ್ ಡನ್‌ಫಿ ಸತ್ತ ದಿನದ್ದು.

ಇದರಲ್ಲಿ ಮೋಸವೇನೂ ಇರಲಿಲ್ಲ. ರೇಸಿನ ಕಾರನ್ನು ಯಾರೂ ಷೋಕೇಸಿನಲ್ಲಿ ಇಡುವುದಿಲ್ಲ. ಪ್ರತಿ ರೇಸಿನ ನಂತರ ಬಿಚ್ಚುತ್ತಾರೆ, ಸವೆದದ್ದನ್ನು ಎಸೆಯುತ್ತಾರೆ, ಹೊಸದು ಹಾಕುತ್ತಾರೆ. ಹಾಗೆ ಮಾಡದಿದ್ದರೆ ಅದು ಎರಡನೆಯ ಸಲ ಗೆಲ್ಲುತ್ತಲೂ ಇರಲಿಲ್ಲ.

ನ್ಯಾಯಮೂರ್ತಿ ಆಟನ್ 1990ರ ಜುಲೈ 27ರಂದು ತೀರ್ಪು ಕೊಟ್ಟರು. ಪದಗಳನ್ನು ಅವರು ಅಕ್ಕಸಾಲಿಗನಂತೆ ತೂಗಿದರು. ಅವರ ಪ್ರಕಾರ ಇದನ್ನು ‘ಮೂಲ’ ಕಾರು ಎನ್ನಲು ಬರುವುದಿಲ್ಲ. ಅಂದು ಕಾರ್ಖಾನೆಯಿಂದ ಹೊರಟ ವಸ್ತು ಇದಲ್ಲ. ಹಾಗೆಂದು ನಕಲೂ ಅಲ್ಲ. ಇದು ಸಾಚಾ ಓಲ್ಡ್ ನಂಬರ್ ಒನ್. ಏಕೆಂದರೆ ಹೊಸ ಭಾಗಗಳು ನಿಧಾನವಾಗಿ, ವರ್ಷಗಳ ಉದ್ದಕ್ಕೆ ಬಂದು ಸೇರಿ ಕಾರಿನಲ್ಲಿ ಕರಗಿಹೋಗಿದ್ದವು; ಯಾವ ಹಂತದಲ್ಲೂ ಕಾರು ತನ್ನ ಗುರುತನ್ನು ಕಳೆದುಕೊಂಡಿರಲಿಲ್ಲ. ಆ ಹೆಸರಿನ ಮೇಲೆ ಹಕ್ಕು ಸಾಧಿಸಬಲ್ಲ ಬೇರೊಂದು ಬೆಂಟ್ಲಿ ಎಲ್ಲೂ ಇರಲಿಲ್ಲ. ಏಪ್ರಿಲ್ 7ರಂದು ಮಾರಾಟಕ್ಕಿದ್ದದ್ದು ಬರೀ ಲೋಹವಲ್ಲ, ಅದರ ಇತಿಹಾಸ ಮತ್ತು ಕೀರ್ತಿ ಕೂಡ. ಗೆಲುವು ಮಾರಿದವರದಾಯಿತು.

ಇಂಗ್ಲಿಷ್ ನ್ಯಾಯಾಧೀಶರಿಗೆ ಇಷ್ಟು ತಿಣುಕಾಟ ಬೇಕಾದ ಮಾತು ನಮ್ಮ ಕಡೆಯ ಊರುಗಳಲ್ಲಿ ಬಹುಶಃ ಪ್ರಶ್ನೆಯೇ ಆಗುತ್ತಿರಲಿಲ್ಲ. ಈ ವರ್ಷ ತೇರಿನ ಗಾಲಿ ಬದಲಾಗುತ್ತದೆ, ಇನ್ನೊಂದು ವರ್ಷ ಅಚ್ಚು. ತೇರು ಅದೇ. ಎಲ್ಲವನ್ನೂ ಒಂದೇ ಸಲ ಮಾಡಿಸಿದಾಗ ಮಾತ್ರ ‘ಹೊಸ ತೇರು’ ಎನ್ನುತ್ತಾರೆ.

ಎಂಜಿನ್‌ಗೆ ಒಂದೇ ಅಂಕ!

ಕೋಟಿ ಬೆಲೆಯ ಕಾರುಗಳಿಗಷ್ಟೇ ಈ ಪೇಚು ಎಂದುಕೊಳ್ಳಬೇಕಿಲ್ಲ. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಎರಡು ಸೀಟಿನ ಕಾರನ್ನೇ ನೋಡಿ. ಐದು ಲಕ್ಷಕ್ಕೂ ಹೆಚ್ಚು ಮಾರಾಟವಾದ, ಮಧ್ಯಮ ವರ್ಗದವರ ಕೈಗೆಟುಕಿದ ಸ್ಪೋರ್ಟ್ಸ್ ಕಾರು ಅದು. ಅದಕ್ಕೆ ಬೇರೆಯಾದ ಚಾಸಿ ಇಲ್ಲ. ತಗಡಿನ ಮೈಯೇ ಅದರ ಬೆನ್ನೆಲುಬು. ಇಂಗ್ಲೆಂಡಿನ ಮಳೆಗೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿಗೆ ಬಾಗಿಲ ಕೆಳಗಿನ ಪಟ್ಟಿಗಳು ತುಕ್ಕು ಹಿಡಿದರೆ ಕಾರು ನಡು ಮುರಿದಂತೆ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಹುಡುಕಿ ತಂದು ಈ ಕಾರಿನ ಇಡೀ ಮೈಯನ್ನು ಹೊಸದಾಗಿ ತಯಾರಿಸತೊಡಗಿತು. ಹಾಗಾಗಿ ‘ಪೂರ್ಣ ನವೀಕರಿಸಿದ ಎಂ.ಜಿ.ಬಿ. ಮಾರಾಟಕ್ಕಿದೆ’ ಎಂಬ ಜಾಹೀರಾತಿನ ಹಿಂದೆ, ಹಳೆಯ ನಂಬರ್ ಪ್ಲೇಟು ಹೊತ್ತ ಹೊಚ್ಚ ಹೊಸ ತಗಡಿರಬಹುದು.

ಇಂಥ ಕಾರಿಗೆ ಹಳೆಯ ನೋಂದಣಿ ಸಂಖ್ಯೆ ಉಳಿಸಿಕೊಡಬೇಕೇ ಎಂದು ನಿರ್ಧರಿಸಲು ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹಳ ವರ್ಷ ಒಂದು ಅಂಕಪಟ್ಟಿ ಇಟ್ಟುಕೊಂಡಿತ್ತು. ಚಾಸಿ ಅಥವಾ ಮೈಗೆ 5 ಅಂಕ, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್‌ಗೆ ತಲಾ 2, ಎಂಜಿನ್‌ಗೆ 1. ಪಾಸಾಗಲು 8 ಬೇಕು. ಕಾರೆಂದರೆ ಎಂಜಿನ್ನೇ ಎಂದು ನಂಬಿದವರಿಗೆ ಇದು ಕೊಂಚ ನೋವಿನ ಸಂಗತಿ! ಇನ್ನೂ ತಮಾಷೆಯೆಂದರೆ, ಅದೇ ಮಾದರಿಯ ಹೊಸ ಮೈಯನ್ನು ರಸೀದಿ ಸಮೇತ ಕೊಂಡು ಹಾಕಿಸಿದರೂ ಆ 5 ಅಂಕ ಸಿಗುತ್ತಿತ್ತು.

ಅದಕ್ಕೇ ಅನುಭವಿ ಗ್ರಾಹಕರು ಮಿಂಚುವ ಬಣ್ಣಕ್ಕೆ ಮರುಳಾಗುವುದಿಲ್ಲ. ಅವರು ಮೊದಲು ಕೇಳುವುದು ಕಡತವನ್ನು: ಹಿಂದಿನ ಮಾಲೀಕರ ಪಟ್ಟಿ, ಗ್ಯಾರೇಜಿನ ಬಿಲ್ಲುಗಳು, ಕಾರನ್ನು ಬಿಚ್ಚಿಹಾಕಿದ್ದಾಗ ತೆಗೆದ ಫೋಟೋಗಳು. ಇತ್ತೀಚೆಗೆ ಒಂದು ವರ್ಗದವರ ರುಚಿ ಪೂರ್ತಿ ತಿರುಗಿದೆ. ಬಿರುಕು ಬಿಟ್ಟ ಚರ್ಮದ ಸೀಟು, ಮಾಸಿದ ಬಣ್ಣ ಇರುವ, ಯಾರೂ ಕೈಯಿಡದ ಕಾರನ್ನೇ ಅವರು ಹುಡುಕುತ್ತಾರೆ. ಲಕ್ಷಗಟ್ಟಲೆ ಸುರಿದು ಕನ್ನಡಿಯಂತೆ ಹೊಳೆಸಿದವನ ಕಾರಿಗಿಂತ ದೂಳು ಹಿಡಿದ ಕಾರಿಗೆ ಹೆಚ್ಚು ಬೆಲೆ ಬಂದರೆ ಅವನ ಹೊಟ್ಟೆ ಉರಿಯದೆ ಇದ್ದೀತೇ?

ಇದರ ನಡುವೆ ಕಂಪನಿಗಳೇ ಕಣಕ್ಕಿಳಿದಿವೆ. ಜಾಗ್ವಾರ್ 1963ರಲ್ಲಿ ಇ-ಟೈಪ್ ಕಾರಿನ ಹಗುರ ಮಾದರಿ 18 ತಯಾರಿಸಲು ಹೊರಟು 12ಕ್ಕೇ ನಿಲ್ಲಿಸಿತ್ತು. ಬಾಕಿಯಿದ್ದ 6 ಚಾಸಿ ನಂಬರುಗಳನ್ನು ಐವತ್ತು ವರ್ಷಗಳ ಮೇಲೆ, 2014ರಲ್ಲಿ, ಕಪಾಟಿನಿಂದ ತೆಗೆದು ಆ ಕಾರುಗಳನ್ನೂ ಕಟ್ಟಲು ಮುಂದಾಯಿತು. ಬೆಂಟ್ಲಿ ಕಂಪನಿಯೂ ಹಳೆಯ ನಕ್ಷೆಗಳನ್ನು ಹರಡಿಕೊಂಡು 12 ಹೊಸ ಸ್ಪೀಡ್ ಸಿಕ್ಸ್ ಕಾರುಗಳನ್ನು ಕಟ್ಟುವುದಾಗಿ 2022ರಲ್ಲಿ ಘೋಷಿಸಿತು. ಭಾಗ ಭಾಗವನ್ನೂ ಅಳೆದು ನೋಡಿದರೆ, 1930ರಲ್ಲಿ ಲೆ ಮಾನ್ ಗೆದ್ದ ಕಾರಿಗೆ 8 ಲೀಟರ್ ಎಂಜಿನ್ನಿನ ಓಲ್ಡ್ ನಂಬರ್ ಒನ್‌ಗಿಂತ ಈ ಹೊಸ ಕಾರುಗಳೇ ಹೆಚ್ಚು ಹತ್ತಿರ ಎಂದು ಯಾರಾದರೂ ವಾದಿಸಬಹುದು. ಆದರೆ ಆ ಮೂರು ಹಳೆಯ ಭಾಗಗಳು, ಪೆಡಲುಗಳ ದಂಡ, ಗೇರ್‌ಬಾಕ್ಸಿನ ಕವಚ, ಸ್ಟಿಯರಿಂಗ್ ಕಂಬ, ಅವುಗಳಲ್ಲಿ ಒಂದಕ್ಕೂ ಇಲ್ಲ.