ರಕ್ಷಣೆಗೆ ಬೆಲೆ ಇಲ್ಲ, ಹಾಗಾದ್ರೆ ಕಾಣಿಕೆ ಯಾಕೆ?

ಕಮಲಾಪುರದ ಕೆಂಪು ಬಾಳೆ ಗೊನೆ ಕೈಗೆ ಬರಬೇಕಾದ್ರೆ ವರ್ಷ ದಾಟುತ್ತೆ. ಅಲ್ಲಿನ ರೈತರಿಗೆ ಕಾಯೋದನ್ನ ಯಾರೂ ಕಲಿಸಬೇಕಿಲ್ಲ ಬಿಡಿ.

ಬೈಬಲಿನ ಅಬ್ರಹಾಮ ಕಾದದ್ದು 25 ವರ್ಷ! 75ನೇ ವಯಸ್ಸಲ್ಲಿ ಊರು ಬಿಟ್ಟಾಗ ದೇವರ ವಾಗ್ದಾನ; ಮಗ ಇಸಾಕ ಹುಟ್ಟಿದ್ದು 100ಕ್ಕೆ.

ಆ ಮಗ ಅಬ್ರಹಾಮ ದುಡಿದು ಗಳಿಸಿದ್ದಲ್ಲ, ದೇವರು ಮಾತು ಕೊಟ್ಟಂತೆ ಕೊಟ್ಟದ್ದು. ರಕ್ಷಣೆಯೂ ಹಾಗೇ: ದುಡಿದು ಗಳಿಸಿದ ಕೂಲಿಯಲ್ಲ, ಯೇಸುವಿನ ಮೂಲಕ ದೇವರು ಕೊಟ್ಟ ವರ ಅಂತ ಪೌಲ ಎಫೆಸದವರಿಗೆ ಬರೆದ ಪತ್ರ ಹೇಳುತ್ತೆ.

ಮತ್ತೆ ಕಾಣಿಕೆ? ಅದು ಸಾಲದ ಕಂತಲ್ಲ, ಸಂತೋಷ. ಕರ್ನಾಟಕದ ಎಷ್ಟೋ ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಆರಾಧನೆ ನೋಡಿ. ಬೆಳೆದದ್ದನ್ನ ತಂದು ವೇದಿಕೆ ಮುಂದೆ ಇಡ್ತಾರೆ, ಆರಾಧನೆ ಮುಗಿದ ಮೇಲೆ ಹರಾಜು. ಒಂದು ಕುಂಬಳಕಾಯಿಗೆ ಸಂತೆ ದರದ ಎಷ್ಟೋ ಪಟ್ಟು ಕೂಗ್ತಾರೆ, ನಗುನಗುತ್ತಾ. ದುಡ್ಡು ಸಭೆಗೆ, ಕಾಯಿ ಮನೆಗೆ!