ಬಿಡಲೊಲ್ಲದ ಬೋಲ್ಟು

ಗುಂಡು ಮತ್ತು ಬಳೆಯ ಪ್ರಯೋಗ ನಿಮಗೆ ನೆನಪಿರಬಹುದು. ತಣ್ಣಗಿರುವಾಗ ಬಳೆಯೊಳಗೆ ಸಲೀಸಾಗಿ ತೂರುವ ಲೋಹದ ಗುಂಡು, ಕಾಸಿದ ಮೇಲೆ ತೂರುವುದಿಲ್ಲ. ಗುಂಡಿನ ಬದಲು ಬಳೆಯನ್ನು ಕಾಸಿದರೆ? ತೂತು ಕಿರಿದಾಗುತ್ತದೆ ಎಂದೇ ತರಗತಿಯ ಅರ್ಧ ಮಕ್ಕಳು ಹೇಳುತ್ತಾರೆ. ಆದರೆ ತೂತು ಹಿಗ್ಗುತ್ತದೆ. ಕಮ್ಮಾರ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಸಿ ಕೂರಿಸುವುದು ಇದೇ ಧೈರ್ಯದ ಮೇಲೆ. ವರ್ಷ ವರ್ಷವೂ ಇದನ್ನು ಪಾಠ ಹೇಳುವ ನಾನೇ, ಕಳೆದ ಮಳೆಗಾಲ ಮುಗಿದ ಮೇಲೆ, ನನ್ನ ಮೋಟಾರ್ ಸೈಕಲ್ಲಿನ ಬೋಲ್ಟೊಂದನ್ನು ಮುರಿದುಕೊಂಡು ಕುಳಿತೆ.

ಸೈಲೆನ್ಸರಿನ ಕೊಳವೆಯನ್ನು ಸಿಲಿಂಡರ್ ಹೆಡ್ಡಿಗೆ ಬಿಗಿಯುವ 8 ಮಿ.ಮೀ. ಬೋಲ್ಟು ಅದು. ಜೊತೆಯದು ಸುಲಭವಾಗಿ ಬಿಚ್ಚಿತ್ತು, ಇದು ಜಗ್ಗಲಿಲ್ಲ. 15 ಸೆಂ.ಮೀ. ಉದ್ದದ ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ 45 ಸೆಂ.ಮೀ. ಮಾಡಿಕೊಂಡೆ. ತೋಳಿನ ಉದ್ದ ಮೂರು ಪಟ್ಟಾದರೆ ತಿರುಚುವ ಶಕ್ತಿಯೂ ಮೂರು ಪಟ್ಟು. 20 ಕಿಲೋ ಭಾರ ಹಾಕಿದಂತೆ ಒತ್ತಿದರೂ ಸುಮಾರು 90 ನ್ಯೂಟನ್-ಮೀಟರ್ ಆಯಿತು. ಇಂಥ ಬೋಲ್ಟನ್ನು ಬಿಗಿಯಲು ಸಾಮಾನ್ಯವಾಗಿ 25ರ ಆಸುಪಾಸು ಸಾಕು! 'ಟಕ್' ಎಂದಿತು, ತಲೆ ಕಳಚಿ ಬಿತ್ತು. ಒಳಗಿನ ತೂತು ಕೆಟ್ಟರೆ ಇಡೀ ಹೆಡ್ಡನ್ನೇ ಬದಲಿಸಬೇಕಾದೀತು ಎಂಬುದು ಆಮೇಲೆ ಹೊಳೆಯಿತು.

ಬೋಲ್ಟು ಹೀಗೇಕೆ ಕಚ್ಚಿಕೊಳ್ಳುತ್ತದೆ? ಕಬ್ಬಿಣ ತುಕ್ಕಾದಾಗ ಅದು ಆಕ್ರಮಿಸುವ ಜಾಗ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಥ್ರೆಡ್ಡುಗಳ ನಡುವಿನ ಕಿರಿದಾದ ಸಂದಿನಲ್ಲಿ ಅದು ಬೆಣೆ ಹೊಡೆದಂತೆ ಕೂರುತ್ತದೆ. ನನ್ನ ಗಾಡಿಯಲ್ಲಿ ಇನ್ನೊಂದು ಪೇಚು. ಬೋಲ್ಟು ಉಕ್ಕಿನದು, ಹೆಡ್ಡು ಅಲ್ಯೂಮಿನಿಯಮ್ಮಿನದು. ಎರಡು ಬೇರೆ ಲೋಹಗಳ ನಡುವೆ ಮಳೆಯ ನೀರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಆಗಿಬಿಡುತ್ತದೆ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ.

ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಹುಡುಗ ನೋಡಿ ನಕ್ಕ. "ಪೈಪ್ ಹಾಕಿದ್ರಾ ಸಾರ್?"

ಸೈಲೆನ್ಸರ್ ಕಳಚಿದಾಗ ಅರ್ಧ ಅಂಗುಲದಷ್ಟು ತುಂಡು ಹೊರಗೆ ಉಳಿದಿತ್ತು. ಅದೇ ಅದೃಷ್ಟ. ಬುಡಕ್ಕೆ ತೆಳುವಾದ ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ, "ನಾಳೆ ಬನ್ನಿ" ಎಂದ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಅದು ಸಂದಿಗೆ ಇಳಿಯುತ್ತದೆ, ಆದರೆ ಅವಸರಕ್ಕೆ ಬಗ್ಗುವುದಿಲ್ಲ.

ಮರುದಿನ ಮೊದಲು ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರದಲ್ಲಿಟ್ಟ. ಎಣ್ಣೆಯನ್ನು ಒರೆಸಿದ. ಆಮೇಲೆ ಗ್ಯಾಸಿನ ಜ್ವಾಲೆ ಹಿಡಿದದ್ದು ಬೋಲ್ಟಿಗಲ್ಲ, ಅದರ ಸುತ್ತಲಿನ ಹೆಡ್ಡಿಗೆ! ಬಳೆಯನ್ನು ಕಾಸುವ ಪ್ರಯೋಗವೇ ಅದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಉಷ್ಣತೆ 200 ಡಿಗ್ರಿ ಸೆಲ್ಸಿಯಸ್ ಏರಿದರೆ 8 ಮಿ.ಮೀ. ತೂತು ಸುಮಾರು 0.037 ಮಿ.ಮೀ. ದೊಡ್ಡದಾಗುತ್ತದೆ, ಬೋಲ್ಟು ಅಷ್ಟೇ ಕಾದರೂ 0.019 ಮಾತ್ರ. ವ್ಯತ್ಯಾಸ ತಲೆಗೂದಲಿನ ದಪ್ಪದ ಕಾಲು ಭಾಗದಷ್ಟಿರಬಹುದು. ತುಕ್ಕಿನ ಹಿಡಿತ ಬಿರಿಯಲು ಅಷ್ಟು ಸಾಕು.

ಎಷ್ಟು ಕಾಸಬೇಕೆಂಬುದರಲ್ಲೇ ಅನುಭವವಿರುವುದು. ಉಕ್ಕು ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಕೆಂಪಾಗುವ ಸೂಚನೆಯನ್ನೇ ಕೊಡದೆ, 660 ಡಿಗ್ರಿಯಲ್ಲಿ ಕರಗಿಯೇ ಬಿಡುತ್ತದೆ. ಹುಡುಗ ಆಗಾಗ ಒಂದು ಹನಿ ನೀರು ಹಾಕಿ, ಅದು ಚುಂಯ್ ಎನ್ನುವುದನ್ನು ಗಮನಿಸುತ್ತಿದ್ದ. (ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಪರೀಕ್ಷಿಸುವುದು ಬೇಡ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.)

ಕಚ್ಚಿ ಹಿಡಿಯುವ ಇಕ್ಕಳದಿಂದ ತುಂಡನ್ನು ಹಿಡಿದು, ಮೊದಲು ಬಿಗಿಯುವ ಕಡೆಗೆ ಒಂದಿಷ್ಟು, ಆಮೇಲೆ ಬಿಚ್ಚುವ ಕಡೆಗೆ, ಮತ್ತೆ ಹಿಂದಕ್ಕೆ ತಿರುಗಿಸಿದ. ಹಾಗೆ ಮಾಡಿದರೆ ತುಕ್ಕು ಪುಡಿಯಾಗುತ್ತದೆ. ಕೀರಲು ಸದ್ದು ಮಾಡುತ್ತ ತುಂಡು ಹೊರಬಂತು.

"ಒಳಗೇ ಮುರಿದಿದ್ದರೆ ಏನಪ್ಪಾ ಮಾಡ್ತಿದ್ದೆ?" ಎಂದು ಕೇಳಿದೆ. ತುಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿ ತಿರುಗಿಸಬಹುದಂತೆ. ಇಲ್ಲವೇ ನಟ್ಟನಡುವೆ ತೂತು ಕೊರೆದು, ಎಡಮುರಿ ಥ್ರೆಡ್ಡಿನ 'ಈಝಿ ಔಟ್' ಹಾಕಬೇಕು. "ಹೆಸರಿಗೆ ಮಾತ್ರ ಈಝಿ ಸಾರ್. ಅದೇ ಒಳಗೆ ಮುರಿದ್ರೆ ಕಥೆ ಮುಗೀತು." ನಿಜವೇ. ಅದರ ಉಕ್ಕು ಎಷ್ಟು ಗಡುಸೆಂದರೆ ಸಾಧಾರಣ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

ಹೊಸ ಬೋಲ್ಟಿಗೆ ಅವನು ತಾಮ್ರದ ಪುಡಿ ಬೆರೆತ ಗ್ರೀಸನ್ನು ಸವರಿದ. ಸೈಲೆನ್ಸರಿನ ಬಿಸಿಗೆ ಸಾಧಾರಣ ಗ್ರೀಸು ನಿಲ್ಲುವುದಿಲ್ಲ. ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿದ. ಕೊನೆಗೆ ಕೈಗೆತ್ತಿಕೊಂಡದ್ದು ಗಿಡ್ಡ ಸ್ಪ್ಯಾನರ್. ಮುರಿದ ತುಂಡನ್ನು ನಾನು ಕೇಳಿ ಪಡೆದೆ. ಈ ಸಲ ಗುಂಡು, ಬಳೆಗಳ ಜೊತೆ ಅದನ್ನೂ ತರಗತಿಗೆ ಒಯ್ಯಬೇಕಾಗಿದೆ.