ಬೆಳೆಗೊಂದು ಬೆಂಕಿ

ಬಳ್ಳಾರಿಯ ಅಗ್ನಿಶಾಮಕ ಠಾಣೆಯಲ್ಲಿ ಕೆಲವು ವರ್ಷ ದುಡಿದವನಿಗೆ ಕ್ಯಾಲೆಂಡರ್ ಬೇಕಾಗುವುದಿಲ್ಲ. ಏನು ಸುಡುತ್ತಿದೆ ಎಂದು ಹೇಳಿದರೆ ಸಾಕು, ಯಾವ ತಿಂಗಳು ನಡೆದಿದೆ ಎಂದು ಹೇಳಿಬಿಡುತ್ತಾನೆ. ಹತ್ತಿ ಮಿಲ್ಲುಗಳ ಕರೆ ಶುರುವಾದರೆ ದೀಪಾವಳಿ ಬಂತು. ಸಿರುಗುಪ್ಪ ಸೀಮೆಯಿಂದ ನೆಲ್ಲುಹುಲ್ಲಿನ ಬಣವಿ ಎಂದರೆ ಕೊಯ್ಲು ಮುಗಿದು ಹುಲ್ಲು ಒಣಗಿದೆ. ಕುರುಗೋಡು ಕಡೆಯ ಮೆಣಸಿನಕಾಯಿ ಎಂದರೆ ಬೇಸಿಗೆ ಬಾಗಿಲಲ್ಲಿ ನಿಂತಿದೆ. ಬೆಂಗಳೂರಿನ ಗೆಳೆಯರು ಮಹಡಿಗಳ ಲೆಕ್ಕದಲ್ಲಿ ಬೆಂಕಿಯ ಮಾತಾಡುತ್ತಾರೆ. ನಾವು ಬೆಳೆಯ ಲೆಕ್ಕದಲ್ಲಿ. ನಿವೃತ್ತನಾದ ಮೇಲೂ ಹುಲ್ಲು ಹೇರಿದ ಟ್ರ್ಯಾಕ್ಟರ್ ಎದುರು ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಮೇಲಿನ ತಂತಿಗೆ.

ಜನ ನೋಡುವುದು ಕೆಂಪು ಗಾಡಿಯನ್ನು. ಅದರ ಹೊಟ್ಟೆಯಲ್ಲಿ ಎಷ್ಟು ನೀರಿದೆ ಎಂದು ಕೇಳುವವರು ಕಡಿಮೆ. ಸಾಮಾನ್ಯ ವಾಟರ್ ಟೆಂಡರ್ ಹೊರುವುದು 4,500 ಲೀಟರ್. ಅದರ ಪಂಪು ನಿಮಿಷಕ್ಕೆ 2,250 ಲೀಟರ್ ತಳ್ಳಬಲ್ಲದು. ಪೂರ್ತಿ ಬಿಟ್ಟರೆ ಎರಡೇ ನಿಮಿಷಕ್ಕೆ ಟ್ಯಾಂಕು ಖಾಲಿ. ಹೀಗಾಗಿ ನಮ್ಮ ಕಸುಬಿನ ಮೊದಲ ಪಾಠ ನೀರು ಹೊಡೆಯುವುದಲ್ಲ, ನೀರು ಹಿಡಿಯುವುದು. ಹೋಸಿನ ತುದಿಯ ಬ್ರಾಂಚ್ ಹಿಡಿದವನು ಜ್ವಾಲೆಗಲ್ಲ, ಜ್ವಾಲೆಯ ಬುಡಕ್ಕೆ ಗುರಿಯಿಡಬೇಕು. ಹೊಸಬರು ಮೇಲಕ್ಕೆ ಹಾರಿಸುತ್ತಾರೆ. ನೆರೆದವರಿಗೆ ನೋಡಲು ಚೆಂದ, ಬೆಂಕಿಗೆ ಏನೂ ಆಗುವುದಿಲ್ಲ. ಬೆಳಗಿನ ಪರೇಡು, ಏಣಿ ಡ್ರಿಲ್ಲು, 63 ಮಿಲಿಮೀಟರಿನ ಹೋಸು ಬಿಚ್ಚಿ ಸುತ್ತುವುದು, ತೊಳೆದು ಒಣಗಿಸುವುದು, ಇವೆಲ್ಲ ದಿನದಿನವೂ ನಡೆಯುವುದು ಗಂಟೆ ಬಾರಿಸಿದ ಮೇಲೆ ಕೈ ತಾನಾಗಿ ಕೆಲಸ ಮಾಡಲಿ ಎಂದು.

ಹತ್ತಿಯ ಬೆಂಕಿಯನ್ನು ಕಂಡರೆ ನನಗೆ ಇಂದಿಗೂ ಭಯ. ಬಳ್ಳಾರಿ ಹತ್ತಿಯ ಊರು. ಜಿನ್ನಿಂಗ್ ಯಂತ್ರದೊಳಗೆ ಅರಳೆಯ ಜೊತೆ ಒಂದು ಹರಳು, ಒಂದು ಮೊಳೆ ಹೋದರೂ ಕಿಡಿ ಹಾರುತ್ತದೆ. ಬಿಡಿ ಅರಳೆಯ ಮೇಲೆ ಬೆಂಕಿ ಓಡುವುದನ್ನು ಕಣ್ಣು ಹಿಂಬಾಲಿಸಲಾರದು. ಅದಕ್ಕಿಂತ ಕೆಟ್ಟದ್ದು ಬಿಗಿಯಾಗಿ ಒತ್ತಿ ಕಟ್ಟಿದ ಬೇಲು. ಒಂದೊಂದು ಸುಮಾರು 170 ಕಿಲೋ. ಕಿಡಿ ಹೊಕ್ಕ ಬೇಲು ಹೊರಗೆ ತಣ್ಣಗಿದ್ದು ಒಳಗೊಳಗೇ ಬೇಯುತ್ತದೆ. ನೀರು ಹೊಯ್ದರೆ ಮೇಲಿಂದ ಜಾರಿ ಹೋಗುತ್ತದೆ. ಪಟ್ಟಿ ಕತ್ತರಿಸಿ, ಪದರ ಪದರ ಬಿಡಿಸಿ ತೋಯಿಸಬೇಕು. ಬೆಂಕಿ ಆರಿತೆಂದು ಮಾಲೀಕರು ಗೋದಾಮಿಗೆ ಬೀಗ ಹಾಕಿದರೆ ಮೂರನೆಯ ದಿನ ಅದೇ ಬೇಲು ಮತ್ತೆ ಹೊತ್ತಿಕೊಂಡೀತು. ಸುಟ್ಟ ಬೇಲನ್ನು ಬಯಲಿಗೆಳೆದು ಹಾಕಿ, ಕಾವಲಿಗೆ ಜನ ಬಿಡಿ ಎಂದು ನಾವು ಹೇಳುವುದು ಅದಕ್ಕೇ. ಸರಕು ಬಿಸಿಲು ಮಳೆಗೆ ಹಾಳಾಗುತ್ತದೆ ಎಂದು ಜಗಳಕ್ಕೆ ಬಂದವರೂ ಇದ್ದಾರೆ.

ದೇಶದ ಅಗ್ನಿಶಾಮಕ ದಿನದ ಹಿಂದೆಯೂ ಇದೇ ಹತ್ತಿ ಇದೆ. 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಕರಾಚಿಯಿಂದ ಬಂದ ಹತ್ತಿ ಬೇಲುಗಳಿದ್ದವು, ಸುಮಾರು 1,400 ಟನ್ ಸ್ಫೋಟಕವೂ ಇತ್ತು. ಮಧ್ಯಾಹ್ನ ಹಡಗಿನ ತಳದಿಂದ ಹೊಗೆ ಎದ್ದಿತು. ಗಂಟೆಗಟ್ಟಲೆ ನೀರು ತುಂಬಿದರೂ ಬೆಂಕಿಯ ಮೂಲ ಸಿಗಲಿಲ್ಲ. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು. ನೀರು ಹಾಯಿಸುತ್ತ ನಿಂತಿದ್ದ 66 ಅಗ್ನಿಶಾಮಕರು ಹೋದರು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಠಾಣೆಗಳು ಸಪ್ತಾಹ ಆಚರಿಸಿ, ಶಾಲೆ ಆಸ್ಪತ್ರೆಗಳಿಗೆ ಹೋಗಿ ಪ್ರಾತ್ಯಕ್ಷಿಕೆ ತೋರಿಸುವುದು ಅವರ ನೆನಪಿನಲ್ಲಿ. ಭಾಷಣಗಳಲ್ಲಿ ಸ್ಫೋಟದ ಮಾತು ಬರುತ್ತದೆ, ಹತ್ತಿಯದು ಬರುವುದಿಲ್ಲ. ಬಳ್ಳಾರಿಯಲ್ಲಾದರೂ ಬರಬೇಕಿತ್ತು.

ಹುಲ್ಲಿನದು ಬೇರೆ ಸ್ವಭಾವ. ಹಸಿ ಆರದ ಹುಲ್ಲನ್ನು ಒಟ್ಟಿದರೆ ಬಣವಿ ತಾನೇ ಕಾವು ಏರಿ ಹೊತ್ತಿಕೊಳ್ಳುವುದುಂಟು. ಆದರೆ ನಮ್ಮ ಕಡೆ ಹೆಚ್ಚು ಕಾಣುವುದು ಜೋತುಬಿದ್ದ ವಿದ್ಯುತ್ ತಂತಿಗೆ ತಾಗಿದ ಟ್ರ್ಯಾಕ್ಟರ್ ಲೋಡು. ಚಾಲಕನಿಗೆ ಬೆನ್ನ ಹಿಂದಿನ ಬೆಂಕಿ ತಿಳಿಯುವುದೇ ದಾರಿಯಲ್ಲಿ ಜನ ಕೂಗಿದಾಗ. ಗಾಬರಿಯಲ್ಲಿ ಜೋರಾಗಿ ಓಡಿಸಿದರೆ ಗಾಳಿಗೆ ಬೆಂಕಿ ಇನ್ನೂ ಕೆರಳುತ್ತದೆ. ಮನೆ, ಬಣವಿ, ತಂತಿ ಇಲ್ಲದ ಜಾಗ ನೋಡಿ ನಿಲ್ಲಿಸಬೇಕು; ಆಗುವಂತಿದ್ದರೆ ಟ್ರೇಲರಿನ ಪಿನ್ನು ಎಳೆದು ಎಂಜಿನ್ ಬಿಡಿಸಿಕೊಳ್ಳಬೇಕು; ಆಗದಿದ್ದರೆ ಇಳಿದು ಓಡಬೇಕು. ಬಣವಿಗೆ ಬಿದ್ದ ಬೆಂಕಿಯಲ್ಲಿ ಆ ಬಣವಿಯನ್ನು ಉಳಿಸುವ ಆಸೆ ನಾವು ಇಟ್ಟುಕೊಳ್ಳುವುದಿಲ್ಲ. ಪಕ್ಕದ್ದನ್ನು ಉಳಿಸುತ್ತೇವೆ. ಮೇಲಿಂದ ತೋಯಿಸಿ, ಜೆಸಿಬಿಯಿಂದ ಬಿಡಿಸಿ, ಮತ್ತೆ ತೋಯಿಸಿ, ಒಂದು ಬಣವಿಗೆ ಒಂದು ರಾತ್ರಿ ಹೋಗುತ್ತದೆ.

ಆ ರಾತ್ರಿಯ ನೀರು ಎಲ್ಲಿಂದ? ಸಿರುಗುಪ್ಪ, ಕುರುಗೋಡು ಕಡೆ ತುಂಗಭದ್ರೆಯ ಕಾಲುವೆ ಹರಿಯುವ ತಿಂಗಳುಗಳಲ್ಲಿ ಚಿಂತೆಯಿಲ್ಲ, ಪಂಪು ಇಳಿಸಿದರಾಯಿತು. ಕಡು ಬೇಸಿಗೆಗೆ ಕಾಲುವೆ ಬತ್ತಿರುತ್ತದೆ, ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ, ಕರೆಗಳು ಬರುವುದೂ ಆಗಲೇ. ಯಾವ ಊರಿನ ಕೆರೆಯಲ್ಲಿ ನೀರಿದೆ, ಯಾವ ತೋಟದ ಬೋರು ಓಡುತ್ತಿದೆ ಎಂಬ ಪಟ್ಟಿ ಒಳ್ಳೆಯ ಚಾಲಕನ ತಲೆಯಲ್ಲಿರುತ್ತದೆ. ಬೆಂಕಿ ಆರಿಸಲು ಯಾರ ನೀರನ್ನಾದರೂ ಎತ್ತುವ, ಬಾಗಿಲು ಒಡೆಯುವ ಅಧಿಕಾರವನ್ನು 1964ರ ಅಗ್ನಿಶಾಮಕ ದಳ ಕಾಯ್ದೆ ಕೊಟ್ಟಿದೆ. ಆದರೆ ರೈತನ ಬಾವಿಯ ದಂಡೆಯಲ್ಲಿ ನಿಂತು ಕಾಯ್ದೆ ಹೇಳುವುದಕ್ಕಿಂತ ‘ಅಣ್ಣಾ’ ಎಂದು ಕರೆದರೆ ಕೆಲಸ ಬೇಗ ಆಗುತ್ತದೆ.

ಬೇಲು, ಬಣವಿಗಳಂತೆ ಒಳಗೊಳಗೇ ಉರಿಯುವ ಬೆಂಕಿ ಈ ಸೀಮೆಗೆ ಹೊಸದಲ್ಲ. ಹೊಸಪೇಟೆ ರಸ್ತೆಯಲ್ಲಿ ಕುಡಿತಿನಿಯ ಬೂದಿದಿಬ್ಬ ನೋಡಿ. ರಾಕ್ಷಸರ ಎಲುಬಿನ ಬೂದಿ ಎಂದು ಜನ ಕತೆ ಕಟ್ಟಿದ್ದಾರೆ. ನವಶಿಲಾಯುಗದ ದನಗಾಹಿಗಳ ಸಗಣಿ ರಾಶಿಗಳು ಮತ್ತೆ ಮತ್ತೆ ಬೆಂದು ಉಳಿದದ್ದು ಎನ್ನುತ್ತಾರೆ ಪುರಾತತ್ವದವರು. ಬೂದಿ ಕೆಲವೆಡೆ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ರಾಶಿಯ ಗರ್ಭದಲ್ಲಿ ಎಂಥ ಕಾವು ಹುಟ್ಟುತ್ತದೆ ಎಂದು ನಮ್ಮ ಹೊಸ ಹುಡುಗರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮೆಣಸಿನಕಾಯಿ ಬೆಂಕಿಯಲ್ಲಿ ಜ್ವಾಲೆಗಿಂತ ಘಾಟು ಮುಂದೆ ಬರುತ್ತದೆ. ಚೀಲಗಳ ಸಾಲು ಹೊತ್ತಿಕೊಂಡರೆ ಗಾಳಿಯ ದಿಕ್ಕಿನ ಓಣಿಯೇ ಕೆಮ್ಮುತ್ತದೆ. ಒದ್ದೆ ಟವೆಲು ಕಟ್ಟಿಕೊಂಡು ಒಳಗೆ ನುಗ್ಗುವ ಧೈರ್ಯವಂತರಿಗೆ ಒಂದು ಮಾತು: ಟವೆಲು ಮಸಿಯನ್ನು ಅಷ್ಟಿಷ್ಟು ತಡೆದೀತು, ವಿಷಗಾಳಿಯನ್ನು ತಡೆಯದು. ನಾವು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೋಗುತ್ತೇವೆ. ದುಡಿಯುವವನಿಗೆ ಅದು ಹೆಚ್ಚೂಕಡಿಮೆ ಅರ್ಧ ಗಂಟೆಗೆ ಬರುತ್ತದೆ, ಮುಗಿಯುವ ಮುಂಚೆ ಶಿಳ್ಳೆ ಹೊಡೆದು ಎಚ್ಚರಿಸುತ್ತದೆ. ನಮ್ಮ ರೈತರ ಮೆಣಸಿನಕಾಯಿ ಹೋಗುವ ಬ್ಯಾಡಗಿ ಮಾರುಕಟ್ಟೆಯಲ್ಲಿ 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು ಗಲಭೆಯಾದಾಗ ಅಗ್ನಿಶಾಮಕ ವಾಹನಕ್ಕೇ ಬೆಂಕಿ ಬಿತ್ತು. ಸಿಟ್ಟಿಗೆ ಕಾರಣವಿತ್ತು, ಒಪ್ಪುತ್ತೇನೆ. ಗಾಡಿ ಸುಟ್ಟದ್ದನ್ನು ಮಾತ್ರ ನನ್ನಂಥವನಿಗೆ ನುಂಗಿಕೊಳ್ಳಲಾಗದು.

ಬೆಂಕಿಗಿಂತ ಹೊಗೆ ಹೆಚ್ಚು ಜನರನ್ನು ಕೊಲ್ಲುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್‌ಗಳ ಕೊಳವೆಯಿಂದ ಹೊಗೆ ಮಹಡಿಗಳಿಗೆ ಏರಿತು. ಒಂಬತ್ತು ಜನ ಸತ್ತರು, ಅವರಲ್ಲಿ ಉಸಿರುಗಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಬಳ್ಳಾರಿಯಲ್ಲೂ ಈಗ ಮಹಡಿ ಮೇಲೆ ಮಹಡಿ ಏಳುತ್ತಿವೆ. ಕಲ್ಯಾಣ ಮಂಟಪಕ್ಕೋ ಬಟ್ಟೆ ಅಂಗಡಿಗೋ ಹೋದರೆ ನಾನು ಎರಡನೆಯ ಮೆಟ್ಟಿಲು ಹುಡುಕುತ್ತೇನೆ. ಬಹಳ ಕಡೆ ಅಲ್ಲಿ ಖಾಲಿ ಡಬ್ಬಗಳನ್ನೋ ಮುರಿದ ಕುರ್ಚಿಗಳನ್ನೋ ಪೇರಿಸಿಟ್ಟಿರುತ್ತಾರೆ.

ಮನೆ ಮತ್ತು ಬೀದಿಯ ಬೆಂಕಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆ ಒಗ್ಗರಣಿ-ಮಿರ್ಚಿ ಬಂಡಿಯ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಕಾದ ಎಣ್ಣೆಗೆ ಬಿದ್ದ ನೀರು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಒಲೆ ಆರಿಸಿ ತಟ್ಟೆ ಮುಚ್ಚಿ. ಸಿಲಿಂಡರ್ ಸೋರಿ ವಾಸನೆ ಬಂದರೆ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಕೂತಿರುತ್ತದೆ.

ಬೆಂಕಿಯಾದರೆ 112 ಅಥವಾ 101. ಕರೆ ಬಂದ ಒಂದು ನಿಮಿಷದೊಳಗೆ ಗಾಡಿ ಠಾಣೆ ಬಿಡುತ್ತದೆ. ಮುಂದಿನದು ಸುಧಾ ಕ್ರಾಸ್ ರೈಲ್ವೆ ಗೇಟು ಬಿದ್ದಿದೆಯೋ ಇಲ್ಲವೋ, ಬ್ರೂಸ್‌ಪೇಟೆಯ ಸಂದಿಯಲ್ಲಿ ಯಾರ ಆಟೋ ಅಡ್ಡ ನಿಂತಿದೆಯೋ ಎಂಬುದರ ಮೇಲೆ. ಫೋನಿನಲ್ಲಿ ‘ಬೇಗ ಬರ್ರೀ’ ಎಂದು ಕೂಗಿ ಇಟ್ಟುಬಿಡುವವರೇ ಬಹಳ. ಊರು, ಗುರುತು, ಸುಡುತ್ತಿರುವುದು ಏನು, ಒಳಗೆ ಯಾರಾದರೂ ಇದ್ದಾರೆಯೇ, ಇಷ್ಟು ಹೇಳಿ, ಒಬ್ಬರು ರಸ್ತೆಗೆ ಬಂದು ನಿಲ್ಲಬೇಕು.

ಎಲ್ಲ ಮುಗಿದ ಮೇಲೆ ವರದಿ ಬರೆಯುವ ಕೆಲಸ. ಕಾರಣ ಎಂಬ ಜಾಗದಲ್ಲಿ ಎಲ್ಲರೂ ತುಂಬಬಯಸುವುದು ‘ಶಾರ್ಟ್ ಸರ್ಕ್ಯೂಟ್’. ಮಾಲೀಕರಿಗೂ ಅದೇ ಇಷ್ಟ, ಪತ್ರಿಕೆಗಳಿಗೂ ಅದೇ. ಶಾರ್ಟ್ ಆದದ್ದು ಏಕೆಂದು ಕೇಳಿದರೆ ಬೇರೆ ಸಂಗತಿಗಳು ಹೊರಬರುತ್ತವೆ: ಇಲಿ ಕಡಿದ ವೈರು, ಸಡಿಲ ಜಾಯಿಂಟು, ಮೇ ತಿಂಗಳ ಸೆಖೆಗೆ ಒಂದೇ ತಂತಿಗೆ ಸಿಕ್ಕಿಸಿದ ಮೂರು ಕೂಲರು. ಪದೇ ಪದೇ ಫ್ಯೂಸು ಹೋಗುತ್ತದೆಂದು ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದ್ದು ಕಂಡರೆ ಅದನ್ನೂ ಬಿಡದೆ ಬರೆಯುತ್ತಿದ್ದೆ. ವಿಮೆಯವರು ಮೊದಲು ಓದುವುದು ಆ ಸಾಲನ್ನೇ.